ದುಬೈ ಸಂಬಳ: ನಾಲ್ಕೂವರೆ ಸಾವಿರಕ್ಕಿಂತ ನಾಲ್ಕು ಸಾವಿರವೇ ಹೆಚ್ಚಾದದ್ದು ಹೇಗೆ?

ಮುಂಬಯಿ: ಕಳೆದ ಜನವರಿಯಲ್ಲಿ ಡೊಂಬಿವಲಿ ಪರಿಸರದ ಕನ್ನಡ ಸಂಸ್ಥೆಯೊಂದರ ಮಹಿಳಾ ವಿಭಾಗ ಅರಸಿನ ಕುಂಕುಮ ಕಾರ್ಯಕ್ರಮ ಇಟ್ಟುಕೊಂಡಿತ್ತು. ಅಂದು ಬಂದವರಲ್ಲಿ ಅರ್ಧ ಜನ ಮಾತಾಡಿಕೊಂಡದ್ದು ಒಂದೇ ವಿಷಯ. "ನಮ್ಮ ಗಣಿತದ ಟೀಚರಿಗೆ ದುಬೈಯಲ್ಲಿ ಕೆಲಸ ಸಿಕ್ಕಿದೆಯಂತೆ, ತಿಂಗಳಿಗೆ ಲಕ್ಷದ ಮೇಲೆ!" ಸಂತೋಷಪಟ್ಟವರು ಹಲವರು. "ಮಗಳನ್ನು ಬಿಟ್ಟು ಹೋಗುತ್ತಾಳಾ?" ಎಂದು ಹುಬ್ಬೇರಿಸಿದವರೂ ಇದ್ದರು. ಟೀಚರ್ ಮಾತ್ರ ಎಳ್ಳುಬೆಲ್ಲದ ಪೊಟ್ಟಣ ಹಂಚುತ್ತಾ, "ಇನ್ನೂ ಏನೂ ನಿಶ್ಚಯ ಆಗಲಿಲ್ಲ ಮಾರಾಯ್ತಿ" ಎಂದು ಒಬ್ಬೊಬ್ಬರಿಗೂ ಹೇಳಿ ಸಾಕಾಗಿದ್ದರು.

ಹೆಸರು ಬೇಡವೆಂದು ಅವರೇ ಕೇಳಿಕೊಂಡಿರುವುದರಿಂದ ಇಲ್ಲಿ ಕೊಟ್ಟಿಲ್ಲ. ಪ್ರಾಯ 41. ಕುಂದಾಪುರ ಕಡೆಯ ಹಳ್ಳಿಯವರು. ಮಂಗಳೂರು ವಿಶ್ವವಿದ್ಯಾನಿಲಯದ ಬಿಎಸ್ಸಿ, ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮುಂಬಯಿ ವಿಶ್ವವಿದ್ಯಾನಿಲಯದ ಬಿಎಡ್. ಖಾಸಗಿ ಆಂಗ್ಲ ಮಾಧ್ಯಮ ಶಾಲೆಯೊಂದರಲ್ಲಿ ಎಂಟು ವರ್ಷಗಳಿಂದ ಗಣಿತ ಕಲಿಸುತ್ತಿದ್ದಾರೆ. ಪತಿ ಹೊಟೇಲೊಂದರಲ್ಲಿ ಕ್ಯಾಶಿಯರ್, ಮನೆ ಸೇರುವಾಗ ರಾತ್ರಿ 11 ಗಂಟೆ. ಮನೆಯಲ್ಲಿ ಮಂಡಿನೋವಿನ ಅತ್ತೆ, ಒಂಬತ್ತನೇ ತರಗತಿಯ ಮಗಳು ಮತ್ತು ಫ್ಲ್ಯಾಟಿನ ಮೇಲೆ 16 ಲಕ್ಷ ರೂಪಾಯಿ ಬಾಕಿ ಸಾಲ. ಕಂತು ತಿಂಗಳಿಗೆ 21,500. ದುಬೈ ಎಂಬ ಶಬ್ದ ಮನೆಯೊಳಗೆ ಬಂದದ್ದು ಈ ಕಂತಿನ ಹಿಂದೆಯೇ.

ಕೊಲ್ಲಿ ರಾಷ್ಟ್ರಗಳಲ್ಲಿ ಭಾರತೀಯ ಶಾಲೆಗಳು ಹೊಸತೇನಲ್ಲ. ಬಹರೈನಿನ ಇಂಡಿಯನ್ ಸ್ಕೂಲ್ 1950ರದು, ದುಬೈಯ ಇಂಡಿಯನ್ ಹೈಸ್ಕೂಲ್ 1961ರದು. ಪೆಟ್ರೋಲ್ ಹಣದ ಬೆನ್ನಿಗೆ ಕೆಲಸಗಾರರು ಹೋದರು, ಅವರ ಮಕ್ಕಳಿಗೆ ಶಾಲೆ ಬೇಕಾಯಿತು, ಶಾಲೆಗೆ ಟೀಚರ್ ಬೇಕಾಯಿತು. ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸುವವರಿಗೆ ಬೇಡಿಕೆ ಹೆಚ್ಚು. ಆದರೆ ಅಲ್ಲಿ ಬ್ರಿಟಿಷ್ ಪಠ್ಯಕ್ರಮದ ಶಾಲೆ ಕೊಡುವ ಸಂಬಳವೇ ಬೇರೆ, ಸಿಬಿಎಸ್‌ಇ ಶಾಲೆ ಕೊಡುವುದೇ ಬೇರೆ. ಮೊದಲನೆಯದರ ಅಂಕೆ ಕೇಳಿ ಎರಡನೆಯದಕ್ಕೆ ಹೊರಡುವವರೂ ಇದ್ದಾರೆ.

ಕ್ಯಾಲೆಂಡರ್ ಹಾಳೆಯ ಹಿಂದೆ

ಟೀಚರಿಗೆ ಬಂದ ಪತ್ರದಲ್ಲಿ ಒಟ್ಟು 4,500 ದಿರ್ಹಮ್ ಎಂದಿತ್ತು. ಮೂಲವೇತನ 2,000, ಮನೆ ಬಾಡಿಗೆ 1,500, ಇತರ ಭತ್ಯೆ 1,000. ದಿರ್ಹಮಿಗೆ 24 ರೂಪಾಯಿ ಎಂದಿಟ್ಟುಕೊಂಡರೆ 1,08,000 ರೂಪಾಯಿ. ಸಂಬಳದ ಮೇಲೆ ಅಲ್ಲಿ ಆದಾಯ ತೆರಿಗೆ ಇಲ್ಲ. ಇಲ್ಲಿ ಪಿಎಫ್ ಇತ್ಯಾದಿ ಕಳೆದು ಅವರ ಕೈಗೆ ಬರುವುದು 33,000. ಅರಸಿನ ಕುಂಕುಮದ ದಿನ ಎಲ್ಲರ ಬಾಯಲ್ಲಿದ್ದದ್ದು ಈ ಎರಡು ಅಂಕೆಗಳೇ.

ಗಲ್ಲಾಪೆಟ್ಟಿಗೆಯಲ್ಲಿ ಇಪ್ಪತ್ತು ವರ್ಷ ಕೂತ ಪತಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಹಳೆಯ ಕ್ಯಾಲೆಂಡರಿನ ಡಿಸೆಂಬರ್ ಹಾಳೆ ಹರಿದು, ಹಿಂದುಗಡೆ ಗೆರೆ ಎಳೆದು ಬರೆಯತೊಡಗಿದರು. ಅಲ್ಲಿ ಇಬ್ಬರು ಮೂವರು ಸೇರಿ ಕೋಣೆ ಹಿಡಿದರೂ ತಲೆಗೆ 1,200 ದಿರ್ಹಮ್. ಊಟಕ್ಕೆ 700. ಫೋನು, ಸೋಪು, ಔಷಧಿ, ಓಡಾಟ 300. ಉಳಿಯುವುದು 2,300 ದಿರ್ಹಮ್, ಅಂದರೆ 55,200 ರೂಪಾಯಿ. ಇದು ಅಲ್ಲಿಯ ಲೆಕ್ಕ.

ಇನ್ನು ಇಲ್ಲಿಯದು. ಸಂಜೆ ಮನೆಯಲ್ಲೇ ಹತ್ತು ಮಕ್ಕಳಿಗೆ ಟ್ಯೂಷನ್ ಹೇಳಿ ಟೀಚರ್ ಗಳಿಸುವ 12,000 ರೂಪಾಯಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲೇ ಇಲ್ಲ. ಆದ್ದರಿಂದ ಅವರ ಗಳಿಕೆ 33,000 ಅಲ್ಲ, 45,000. ಅವರು ಹೋದರೆ ಅಡುಗೆಗೆ, ಅತ್ತೆಯ ಕೈಕೆಲಸಕ್ಕೆ ಬಾಯಿಯನ್ನು ಇಡಬೇಕು, 8,000. ಮಗಳಿಗೆ ಗಣಿತ ಈಗ ತಾಯಿಯೇ ಹೇಳಿಕೊಡುತ್ತಾರೆ, ಮುಂದೆ ಕ್ಲಾಸಿಗೆ ಹಾಕಬೇಕು, 4,000. ಒಬ್ಬರ ಊಟ ತಿಂಡಿ, ರೈಲು ಪಾಸು, ರಿಕ್ಷಾ ಉಳಿಯುವುದರಿಂದ 5,000 ವಾಪಸು ಸೇರಿಸಬಹುದು. ಎಲ್ಲ ಕೂಡಿಸಿ ಕಳೆದರೆ ದುಬೈಯ ಗಳಿಕೆ 48,200, ಡೊಂಬಿವಲಿಯದು 45,000. ವ್ಯತ್ಯಾಸ 3,200 ರೂಪಾಯಿ!

ಟೀಚರ್ ಎರಡು ಸಲ ಕೂಡಿಸಿ ನೋಡಿದರು. ಗಣಿತದ ಟೀಚರಲ್ಲವೇ! ಲೆಕ್ಕ ಸರಿಯಾಗಿಯೇ ಇತ್ತು.

ಅಲ್ಲೂ ಟ್ಯೂಷನ್ ಹೇಳಬಹುದಲ್ಲ ಎಂದು ಕೇಳಿದವರಿದ್ದಾರೆ. ಪರವಾನಗಿ ಇಲ್ಲದೆ ಟ್ಯೂಷನ್ ಹೇಳುವುದು ಯುಎಇಯಲ್ಲಿ ಅಪರಾಧ. 2023ರ ಡಿಸೆಂಬರಿನಲ್ಲಿ ಅಲ್ಲಿನ ಸರಕಾರ ಖಾಸಗಿ ಪಾಠಕ್ಕೆ ಪ್ರತ್ಯೇಕ ಪರವಾನಗಿ ಪದ್ಧತಿ ತಂದಿದೆ ನಿಜ. ಆದರೆ ಮೊದಲ ವರ್ಷ ಹೊಸ ಶಾಲೆಗೆ ಹೊಂದಿಕೊಳ್ಳುವುದರಲ್ಲೇ ಉಸಿರು ಕಟ್ಟಿರುತ್ತದೆ. ಬಾರದ ಹಣವನ್ನು ಲೆಕ್ಕಕ್ಕೆ ಸೇರಿಸುವುದು ಬೇಡವೆಂದು ಪತಿ ಆ ಸಾಲನ್ನೇ ಹೊಡೆದುಹಾಕಿದರು.

ಟೀಚರ್ ಶಾಲೆಗೆ ಒಂದೇ ಪ್ರಶ್ನೆ ಬರೆದು ಕಳಿಸಿದರು: ವಸತಿ ನೀವೇ ಕೊಟ್ಟರೆ ಸಂಬಳ ಎಷ್ಟು? ಉತ್ತರ ಮಾರ್ಚ್ ಮೊದಲ ವಾರ ಬಂತು. ಶಾಲೆಯ ಫ್ಲ್ಯಾಟಿನಲ್ಲಿ ಇಬ್ಬರಿಗೊಂದು ಕೋಣೆ, ಆರು ಮಂದಿಗೊಂದು ಅಡುಗೆಮನೆ, ಶಾಲೆಗೆ ಹೋಗಿಬರಲು ಬಸ್ಸು. ಸಂಬಳ 4,000. ನೋಡಿದರೆ ಐನೂರು ಕಡಿಮೆ. ಕ್ಯಾಲೆಂಡರ್ ಹಾಳೆಗೆ ಹಾಕಿದರೆ ಊಟ ಮತ್ತು ಚಿಲ್ಲರೆ ಖರ್ಚು ಕಳೆದು 3,000 ದಿರ್ಹಮ್, 72,000 ರೂಪಾಯಿ ಉಳಿಯುತ್ತದೆ. ಮನೆಯ ಹೆಚ್ಚುವರಿ ಖರ್ಚು, ಉಳಿತಾಯ ಎರಡನ್ನೂ ಸೇರಿಸಿದರೆ 65,000. ಈಗಿನದಕ್ಕಿಂತ 20,000 ಹೆಚ್ಚು.

ಈ 20,000ವನ್ನು ಪ್ರತಿ ತಿಂಗಳು ಗೃಹಸಾಲಕ್ಕೆ ಕಟ್ಟಿದರೆ? ಬಡ್ಡಿ ಶೇಕಡಾ 8.5 ಎಂದು ಹಿಡಿದರೆ ಈಗಿನ ಕಂತಿನಲ್ಲಿ ಸಾಲ ಮುಗಿಯಲು ಸುಮಾರು 106 ತಿಂಗಳು ಬೇಕು. ಎರಡು ವರ್ಷ ಹೆಚ್ಚುವರಿ ಕಟ್ಟಿದರೆ 16 ಲಕ್ಷದ ಬಾಕಿ 8 ಲಕ್ಷದ ಸುತ್ತಮುತ್ತ ಬಂದು ನಿಲ್ಲುತ್ತದೆ. ಆಮೇಲೆ ಹಳೆಯ ಕಂತನ್ನೇ ಕಟ್ಟುತ್ತಾ ಹೋದರೂ ಒಟ್ಟು 68 ತಿಂಗಳಲ್ಲಿ ಸಾಲ ಮುಕ್ತಾಯ. ಮೂರು ವರ್ಷಕ್ಕೂ ಮಿಕ್ಕಿ ಕಂತು ತಪ್ಪುತ್ತದೆ. ಮನೆಯಲ್ಲಿ ದುಬೈಯ ಮಾತು ನಿಜವಾಗಿ ಶುರುವಾದದ್ದು ಆ ರಾತ್ರಿ.

ಪತ್ರದಲ್ಲಿ ಓದಬೇಕಾದ ಸಾಲುಗಳು

ಸಂಬಳದ ಒಟ್ಟು ಮೊತ್ತ ನೋಡಿ ಖುಷಿಪಡುವವರು ಮೂಲವೇತನದ ಸಾಲನ್ನು ಬಿಟ್ಟುಬಿಡುತ್ತಾರೆ. ಯುಎಇಯಲ್ಲಿ ಪಿಂಚಣಿ ಸಿಗುವುದು ಅಲ್ಲಿಯ ಪ್ರಜೆಗಳಿಗೆ. ಹೊರಗಿನವರಿಗೆ ಸಿಗುವುದು ಸೇವಾಂತ್ಯದ ಗ್ರಾಚ್ಯುಟಿ. ಕನಿಷ್ಠ ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷಗಳ ಪ್ರತಿ ವರ್ಷಕ್ಕೆ 21 ದಿನಗಳ, ಅನಂತರದ ಪ್ರತಿ ವರ್ಷಕ್ಕೆ 30 ದಿನಗಳ ವೇತನ. ಇದರ ಲೆಕ್ಕ ಮೂಲವೇತನದ ಮೇಲೆ ಮಾತ್ರ. ಅದಕ್ಕಾಗಿಯೇ ಎಷ್ಟೋ ಕಡೆ ಮೂಲವೇತನ ಸಣ್ಣದು, ಭತ್ಯೆ ದೊಡ್ಡದು. ನಮ್ಮ ಟೀಚರಿಗೆ ವರ್ಷಕ್ಕೆ 1,400 ದಿರ್ಹಮ್ ಬೀಳುತ್ತದೆ. ಎರಡು ವರ್ಷಕ್ಕೆ 2,800, ಅಂದರೆ 67,200 ರೂಪಾಯಿ.

ಎರಡನೆಯದು ಪರೀಕ್ಷಾರ್ಥ ಅವಧಿ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಅಲ್ಲಿಯ ಕಾರ್ಮಿಕ ಕಾನೂನಿನ ಪ್ರಕಾರ ಇದು ಆರು ತಿಂಗಳು ಮೀರುವಂತಿಲ್ಲ. ಆದರೆ ಆ ಆರು ತಿಂಗಳೊಳಗೆ ಬೇಡವೆನಿಸಿದರೆ ಶಾಲೆ 14 ದಿನಗಳ ನೋಟೀಸು ಕೊಟ್ಟು ಕೈಬಿಡಬಹುದು. ದೇಶ ಬಿಟ್ಟು ಬರುವ ಟೀಚರೂ ಅಷ್ಟೇ ದಿನಗಳ ನೋಟೀಸು ಕೊಡಬೇಕು. ಮಹಾರಾಷ್ಟ್ರದ ಖಾಸಗಿ ಶಾಲಾ ನೌಕರರ ನಿಯಮದಂತೆ ಇಲ್ಲಿ ಕಾಯಂ ಶಿಕ್ಷಕರು ರಾಜೀನಾಮೆಗೆ ಮೂರು ತಿಂಗಳ ನೋಟೀಸು ಕೊಡಬೇಕು. ಮೂರು ತಿಂಗಳು ಕಾದು ಬಿಡುವ ಕೆಲಸವನ್ನು ಎರಡು ವಾರದಲ್ಲಿ ಕೈತಪ್ಪಬಹುದಾದ ಕೆಲಸಕ್ಕಾಗಿ ಬಿಡಬೇಕು. ಎರಡು ವರ್ಷ ಸಂಬಳವಿಲ್ಲದ ರಜೆ ಕೊಡುತ್ತೀರಾ ಎಂದು ಟೀಚರ್ ತಮ್ಮ ಶಾಲೆಯಲ್ಲಿ ಕೇಳಿ ನೋಡಿದರು. ಮುಖ್ಯೋಪಾಧ್ಯಾಯಿನಿ ಒಳ್ಳೆಯವರೇ, ಆದರೂ ಆಗುವುದಿಲ್ಲ ಎಂದರು. ವಾಪಸು ಬಂದರೆ ಹೊಸಬರ ಸಂಬಳದಿಂದಲೇ ಆರಂಭ. ಆಗ ವಯಸ್ಸು 43.

ಬೇಸಿಗೆ ರಜೆಯ ಸಂಬಳವನ್ನೂ ಕೇಳಿಯೇ ತಿಳಿದುಕೊಳ್ಳಬೇಕು. ಅಲ್ಲಿನ ಸಿಬಿಎಸ್‌ಇ ಶಾಲೆಗಳಿಗೆ ತರಗತಿ ಏಪ್ರಿಲ್‌ನಲ್ಲಿ ಶುರು, ದೊಡ್ಡ ರಜೆ ಜುಲಾಯಿ-ಆಗಸ್ಟ್. ಆ ಎರಡು ತಿಂಗಳ ಪೂರ್ತಿ ಸಂಬಳ ಉಂಟೋ ಇಲ್ಲವೋ ಎಂಬುದು ಬಾಯಿಮಾತಲ್ಲಿ ಇದ್ದರೆ ಸಾಲದು. ಇನ್ನೊಂದು ತೊಡಕೂ ಇದೆ. ಮುಂಬಯಿ ಮಕ್ಕಳಿಗೆ ರಜೆ ಇರುವುದು ಮೇ ತಿಂಗಳಲ್ಲಿ. ತಾಯಿ ರಜೆಯಲ್ಲಿ ಬರುವಾಗ ಮಗಳು ಮಳೆಯಲ್ಲಿ ಶಾಲೆಗೆ ಹೋಗುತ್ತಿರುತ್ತಾಳೆ. ವಿಮಾನದ ಟಿಕೆಟ್ ದುಬಾರಿಯಾಗುವುದೂ ಆ ಕಾಲದಲ್ಲೇ.

ಇಷ್ಟು ಹೇಳಿದ ಮೇಲೆ ಒಳ್ಳೆಯದನ್ನೂ ಹೇಳಬೇಕು. 2009ರಿಂದ ಅಲ್ಲಿ ಸಂಬಳ ಬ್ಯಾಂಕ್ ಮೂಲಕವೇ ಹೋಗಬೇಕೆಂಬ ವ್ಯವಸ್ಥೆ ಇದೆ. ಆರೋಗ್ಯ ವಿಮೆ ಮಾಲಿಕರ ಹೊಣೆ. ಪಾಸ್‌ಪೋರ್ಟನ್ನು ಮಾಲಿಕರು ಇಟ್ಟುಕೊಳ್ಳುವಂತಿಲ್ಲ. ಕೆಲಸ ಹೋದರೆ ಮೂರು ತಿಂಗಳವರೆಗೆ ಮೂಲವೇತನದ ಶೇಕಡಾ 60 ಸಿಗುವ ಕಡ್ಡಾಯ ವಿಮೆ 2023ರಲ್ಲಿ ಬಂದಿದೆ, ಸಣ್ಣ ಸಂಬಳದವರಿಗೆ ತಿಂಗಳ ಕಂತು 5 ದಿರ್ಹಮ್ ಅಷ್ಟೇ. ಕುಟುಂಬವನ್ನು ಕರೆಸಿಕೊಳ್ಳಲು 4,000 ದಿರ್ಹಮ್, ಅಥವಾ ವಸತಿ ಸಹಿತ 3,000 ಸಂಬಳ ಸಾಕೆಂದು 2019ರಲ್ಲಿ ನಿಯಮ ಸಡಿಲಿಸಿದ್ದಾರೆ. ಆದರೆ ಕಾನೂನು ಬಿಟ್ಟರೂ ಖರ್ಚು ಬಿಡುವುದಿಲ್ಲ. ಆರು ಮಂದಿಯ ಫ್ಲ್ಯಾಟಿಗೆ ಗಂಡನನ್ನೂ ಮಗಳನ್ನೂ ಕರೆದೊಯ್ಯಲು ಆಗುತ್ತದೆಯೇ?

ಏಜೆಂಟ್ ಕೇಳಿದ ಒಂದೂಕಾಲು ಲಕ್ಷ

ಸಂದರ್ಶನ ಮಾಡಿಸಿಕೊಟ್ಟ ಏಜೆಂಟ್ ವೀಸಾ, ಕಾಗದ ಪತ್ರ ಎಲ್ಲ ಸೇರಿ 1,25,000 ರೂಪಾಯಿ ಎಂದ. ಟೀಚರ್ ಮೊದಲು ಒಪ್ಪಿದ್ದರು. ತಡೆದದ್ದು ಸಂಘದ ಹಿರಿಯರೊಬ್ಬರು. ಭಾರತ ಸರಕಾರದ ನಿಯಮದಂತೆ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿಯ ಮಿತಿ ಇದೆ, ಮೇಲೆ ಜಿಎಸ್‌ಟಿ. ಎಲ್ಲ ಸೇರಿ 35,400. ಏಜೆಂಟ್ ನೋಂದಾಯಿತನೋ ಅಲ್ಲವೋ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ವೀಸಾ ಮತ್ತು ನೇಮಕಾತಿಯ ಖರ್ಚನ್ನು ಕೆಲಸಗಾರರಿಂದ ವಸೂಲು ಮಾಡಬಾರದೆಂದು ಯುಎಇ ಕಾನೂನೂ ಹೇಳುತ್ತದೆ. ಹಾಗಿರುವಾಗ ಒಂದೂಕಾಲು ಲಕ್ಷ ಯಾವ ಲೆಕ್ಕ? ಆರು ತಿಂಗಳ ದುಬೈ ಲಾಭ ವಿಮಾನ ಹತ್ತುವ ಮೊದಲೇ ಕೈಬಿಟ್ಟಂತೆ. ಪಟ್ಟಿಯಲ್ಲಿ ಹುಡುಕಿದರೆ ಆ ಏಜೆಂಟನ ಹೆಸರೇ ಇರಲಿಲ್ಲ. ಈಗ ಟೀಚರ್ ಶಾಲೆಯ ಜತೆ ನೇರವಾಗಿಯೇ ವ್ಯವಹರಿಸುತ್ತಿದ್ದಾರೆ.

ಹತ್ತನೇ ತರಗತಿ ಪಾಸಾದವರಿಗೆ ವಲಸೆ ಅನುಮತಿಯ ಮುದ್ರೆ ಬೇಕಿಲ್ಲ. ಆದ್ದರಿಂದ ಟೀಚರುಗಳ ಕಾಗದ ಪತ್ರಗಳನ್ನು ಸರಕಾರ ಹೊರಡುವ ಮೊದಲು ನೋಡುವ ಸಂದರ್ಭವೇ ಬರುವುದಿಲ್ಲ. ಓದಿದವರಿಗೆ ರಕ್ಷಣೆ ಬೇಡವೆಂಬ ಭಾವನೆ ಇದರ ಹಿಂದಿದೆಯೋ ಏನೋ. "ಈಗ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಡುತ್ತೇವೆ" ಎಂಬ ಮಾತಿಗೆ ಮರುಳಾಗುವವರಲ್ಲಿ ಪದವೀಧರರೂ ಇದ್ದಾರೆ.

ಹಳೆಯ ಮಾಸ್ಟ್ರ ನೈರಾ

ಸಂಘದ ಆ ಹಿರಿಯರು ನಿವೃತ್ತ ಭೌತಶಾಸ್ತ್ರ ಶಿಕ್ಷಕರು. ಅವರ ಮಾತಿಗೆ ತೂಕವಿದೆ, ಏಕೆಂದರೆ ಅವರೂ ಒಮ್ಮೆ ಹೋದವರೇ. ಭಾರತೀಯ ಶಿಕ್ಷಕರನ್ನು ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ತನ್ನ ಶಾಲೆಗಳಿಗೆ ಕರೆಸಿಕೊಂಡಿದ್ದ. 1974ರಲ್ಲಿ ಅವನ ಪದಚ್ಯುತಿಯಾಯಿತು. ಅದೇ ದಶಕದಲ್ಲಿ ಎಣ್ಣೆ ಹಣ ಬಂದ ನೈಜೀರಿಯ ಕರೆಯಿತು. ಮಾಸ್ಟ್ರು 1980ರಲ್ಲಿ ನೈಜೀರಿಯಕ್ಕೆ ಹೋದಾಗ ಒಂದು ನೈರಾ ಒಂದು ಡಾಲರಿಗಿಂತ ಹೆಚ್ಚು ಬೆಲೆಬಾಳುತ್ತಿತ್ತು. ಮಾಟುಂಗದಲ್ಲಿ ಮನೆ ಕೊಳ್ಳುವ ಕನಸು ಕಂಡಿದ್ದರು. ಎಣ್ಣೆಯ ಬೆಲೆ ಇಳಿಯಿತು, ಊರಿಗೆ ಹಣ ಕಳಿಸುವುದಕ್ಕೆ ಕಟ್ಟುಪಾಡು ಬಂತು, 1986ರ ಸೆಪ್ಟೆಂಬರಿನಲ್ಲಿ ಡಾಲರಿಗೆ ನಾಲ್ಕಕ್ಕಿಂತಲೂ ಹೆಚ್ಚು ನೈರಾ ಕೊಡಬೇಕಾಯಿತು. "ಸಂಬಳ ಒಂದು ಪೈಸೆ ಕಡಿಮೆ ಆಗಲಿಲ್ಲ ಅಮ್ಮಾ, ಆದರೆ ಹಣವೇ ಸಣ್ಣದಾಯಿತು" ಎಂದು ಅವರು ಟೀಚರಿಗೆ ಹೇಳಿದರು. ಅವರ ಮನೆ ಮಾಟುಂಗದಲ್ಲಿ ಆಗಲಿಲ್ಲ, ಡೊಂಬಿವಲಿಯಲ್ಲಿ ಆಯಿತು.

ದಿರ್ಹಮಿಗೆ ಸದ್ಯಕ್ಕೆ ಆ ಭಯ ಕಡಿಮೆ. 1997ರಿಂದ ಡಾಲರಿಗೆ 3.6725 ದಿರ್ಹಮ್ ಎಂದು ಕಟ್ಟಿಹಾಕಿದ್ದಾರೆ. 2008ರ ಆರಂಭದಲ್ಲಿ ಡಾಲರಿಗೆ 40 ರೂಪಾಯಿ ಆಸುಪಾಸು ಇದ್ದಾಗ ದಿರ್ಹಮಿಗೆ 11 ರೂಪಾಯಿಯೂ ಸಿಗುತ್ತಿರಲಿಲ್ಲ. ರೂಪಾಯಿ ಕುಸಿದಾಗ ಅಲ್ಲಿರುವವರಿಗೆ ಲಾಭ. ಆದರೆ ಕೆಲಸವೇ ಹೋಗುವ ಸಂದರ್ಭ ಬೇರೆ. 1990ರ ಆಗಸ್ಟಿನಲ್ಲಿ ಕುವೈತಿನಿಂದ ಉಟ್ಟ ಬಟ್ಟೆಯಲ್ಲಿ ಬಂದವರೂ, 2020ರ ಮೇ ತಿಂಗಳಲ್ಲಿ ವಂದೇ ಭಾರತ್ ವಿಮಾನ ಹತ್ತಿದವರೂ ಮುಂಬಯಿ ಕನ್ನಡಿಗರ ಮನೆಮನೆಯಲ್ಲಿ ಸಿಗುತ್ತಾರೆ.

ಇಲ್ಲಿ ಬಿಟ್ಟುಹೋಗುವುದು

ಎಂಟು ವರ್ಷದ ಸೇವೆಗೆ ಟೀಚರಿಗೆ ಇಲ್ಲಿಯೂ ಗ್ರಾಚ್ಯುಟಿ ಉಂಟು. ಖಾಸಗಿ ಶಾಲೆಯ ಶಿಕ್ಷಕರಿಗೆ ಇದು ಅನ್ವಯಿಸುತ್ತದೆಂದು 2009ರ ತಿದ್ದುಪಡಿ ಹೇಳಿತು, 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವರ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 26,000. ಹದಿನೈದು ದಿನದ ಲೆಕ್ಕದಲ್ಲಿ ವರ್ಷಕ್ಕೆ 15,000, ಎಂಟು ವರ್ಷಕ್ಕೆ 1,20,000. ಇದು ಕೇಳಿ ಪಡೆಯಬೇಕಾದ ಹಣ, ಯಾರೂ ದಾನ ಕೊಡುವುದಲ್ಲ.

ಎಚ್ಚರ ಬೇಕಾದದ್ದು ಪಿಎಫ್ ಪಿಂಚಣಿಯಲ್ಲಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಅವಸರಕ್ಕೆ ಎಲ್ಲವನ್ನೂ ಹಿಂಪಡೆದರೆ ಎಂಟು ವರ್ಷ ಸೊನ್ನೆಯಾಗುತ್ತದೆ. ಅದರ ಬದಲು ಸ್ಕೀಮ್ ಸರ್ಟಿಫಿಕೇಟ್ ಪಡೆದಿಟ್ಟುಕೊಂಡರೆ ವಾಪಸು ಬಂದು ಕೆಲಸಕ್ಕೆ ಸೇರಿದಾಗ ಹಳೆಯ ಸೇವೆ ಕೂಡುತ್ತದೆ. ಈ ಒಂದು ಕಾಗದದ ವಿಚಾರ ಗೊತ್ತಿಲ್ಲದೆ ನಷ್ಟ ಮಾಡಿಕೊಂಡವರು ಬಹಳ ಮಂದಿ.

ಬ್ಯಾಂಕ್ ಖಾತೆಯದು ಇನ್ನೊಂದು ಕೆಲಸ. ವಿದೇಶಕ್ಕೆ ಉದ್ಯೋಗಕ್ಕೆ ಹೋದವರ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಅಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆದರೆ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಒ ಬಡ್ಡಿಯಲ್ಲಿ ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ. ಎಷ್ಟೋ ಜನ ಹತ್ತು ವರ್ಷ ದುಬೈಯಲ್ಲಿದ್ದು ಹಳೆಯ ಖಾತೆಯನ್ನೇ ಓಡಿಸುತ್ತಾರೆ, ಸಾಲ ಬೇಕಾದಾಗ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ. ಇರುವ ಪಿಪಿಎಫ್ ಖಾತೆಯನ್ನು ಅವಧಿ ಮುಗಿಯುವವರೆಗೆ ನಡೆಸಬಹುದು, ಹೊಸತು ತೆರೆಯುವಂತಿಲ್ಲ. ಹೊರಡುವ ತಾರೀಕಿಗೂ ಮಹತ್ವ ಇದೆ. ಆರ್ಥಿಕ ವರ್ಷವೊಂದರಲ್ಲಿ 182 ದಿನ ಅಥವಾ ಹೆಚ್ಚು ಇಲ್ಲೇ ಇದ್ದರೆ ಆ ವರ್ಷಕ್ಕೆ ನಿವಾಸಿ ಎಂದೇ ಲೆಕ್ಕ, ಅಲ್ಲಿಯ ಸಂಬಳವೂ ಇಲ್ಲಿಯ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಆಗಸ್ಟ್ ಕೊನೆಗೆ ಹೊರಟರೆ 153 ದಿನವಷ್ಟೇ ಆಗುತ್ತದೆ.

ಆಗಸ್ಟ್ ಎಂಬುದು ಸುಮ್ಮನೆ ಬಂದ ತಿಂಗಳಲ್ಲ. ಏಪ್ರಿಲ್‌ನಲ್ಲೇ ಬರಬೇಕೆಂದಿದ್ದ ಶಾಲೆ ಟೀಚರ್ ಕೇಳಿಕೊಂಡ ಮೇಲೆ ರಜೆಯ ನಂತರ, ಆಗಸ್ಟ್ ಕೊನೆಗೆ ಬಂದರೂ ಸಾಕೆಂದಿದೆ. ಒಂದು ವರ್ಷ ಮುಂದೂಡಲು ಮಾತ್ರ ಒಪ್ಪಿಲ್ಲ. ಮುಂದಿನ ವರ್ಷಕ್ಕಾದರೆ ಹೊಸದಾಗಿ ಅರ್ಜಿ ಹಾಕಿ ಎಂದಿದೆ. ಮಗಳು ಜೂನಿನಲ್ಲಿ ಹತ್ತನೇ ತರಗತಿಗೆ. ತಂದೆ ಬರುವುದು ರಾತ್ರಿ 11ಕ್ಕೆ. ಕ್ಯಾಲೆಂಡರ್ ಹಾಳೆಯಲ್ಲಿ 4,000 ಎಂದು ಬರೆದದ್ದು ಗಣಿತದ ಕ್ಲಾಸಿನ ಶುಲ್ಕ ಮಾತ್ರ. ಸಂಜೆ ಏಳರಿಂದ ಹನ್ನೊಂದರವರೆಗೆ ಮಗಳ ಜತೆ ಯಾರು ಎಂಬ ಪ್ರಶ್ನೆಗೆ ಅದರಲ್ಲಿ ಜಾಗ ಇರಲಿಲ್ಲ.

ಅತ್ತೆ ಬೇಡ ಅನ್ನುತ್ತಾರೆಂದು ಎಲ್ಲರೂ ಎಣಿಸಿದ್ದರು. ಅವರು ಹಾಗೆ ಅನ್ನಲಿಲ್ಲ. ಅವರ ಗಂಡ ಹದಿಮೂರನೇ ವಯಸ್ಸಿಗೆ ಊರು ಬಿಟ್ಟು ಬಂದು, ಹಗಲು ಹೊಟೇಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತವರು. ಮೂರು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರಂತೆ. "ನಮ್ಮನ್ನು ಬಿಟ್ಟು ಅವರು ಬಂದದ್ದಕ್ಕೆ ನೀವೆಲ್ಲ ಇಲ್ಲಿದ್ದೀರಿ. ಆದರೆ ಮಗನಿಗೆ ಅಪ್ಪನ ಗುರುತು ಸಿಕ್ಕಿದ್ದು ಆರನೇ ಕ್ಲಾಸಿನಲ್ಲಿ" ಎಂದರಂತೆ. ಹೋಗು ಎಂದದ್ದೋ ಬೇಡ ಎಂದದ್ದೋ ಸೊಸೆಗೆ ಇನ್ನೂ ತಿಳಿದಿಲ್ಲ.

ಪತಿ ತಮ್ಮ ಪಾಳಿ ಬದಲಿಸಿಕೊಡಿ, ಬೆಳಗ್ಗೆ 6ರಿಂದ ಕೆಲಸ ಮಾಡುತ್ತೇನೆ ಎಂದು ಹೊಟೇಲಿನ ಧಣಿಗಳನ್ನು ಕೇಳಿದ್ದಾರೆ. ಬೆಳಗಿನ ಪಾಳಿಗೆ ಸಂಬಳ 3,000 ಕಡಿಮೆ. ಹಾಗಾದರೆ 20,000ದ ಜಾಗದಲ್ಲಿ 17,000 ಎಂದು ಹಾಳೆಯಲ್ಲಿ ತಿದ್ದಿಯಾಗಿದೆ. ಧಣಿಗಳು ಊರಿನ ನೇಮ ಮುಗಿಸಿ ಬಂದ ಮೇಲೆ ಹೇಳುತ್ತೇನೆ ಎಂದಿದ್ದಾರೆ. ಮಗಳು ಫೋನಿನಲ್ಲೇ ದಿನಾ ಲೆಕ್ಕ ಹೇಳಿಕೊಡಬಹುದಲ್ಲ ಅಮ್ಮ ಎಂದಳು, ಆಮೇಲೆ ಎರಡು ದಿನ ಆ ಮಾತು ಎತ್ತಲಿಲ್ಲ.

ಕಾಗದ ಪತ್ರಗಳ ಓಡಾಟ ಮಾತ್ರ ನಿಂತಿಲ್ಲ. ಪದವಿ ಪತ್ರವನ್ನು ಪದವಿ ಕೊಟ್ಟ ರಾಜ್ಯದಲ್ಲಿ ದೃಢೀಕರಿಸಿ, ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿಯ ಮುದ್ರೆ ಹಾಕಿಸಬೇಕು. ಬಿಎಡ್ ಪತ್ರದ ಕೆಲಸ ಮುಂಬಯಿಯಲ್ಲೇ ಆಗುತ್ತದೆ. ಬಿಎಸ್ಸಿ ಪತ್ರವನ್ನು ಟೀಚರಿನ ತಮ್ಮ ಬೆಂಗಳೂರಿಗೆ ಒಯ್ದಿದ್ದಾನೆ. ವಸತಿ, ರಜೆಯ ಸಂಬಳ ಎರಡನ್ನೂ ಒಪ್ಪಂದದಲ್ಲೇ ಬರೆದುಕೊಡಬೇಕೆಂದು ಶಾಲೆಗೆ ತಿಳಿಸಿದ್ದಾರೆ. ವಸತಿಯ ಸಾಲು ಬಂದಿದೆ, ರಜೆಯ ಸಾಲು ಬರಬೇಕಷ್ಟೆ. ರಾಜೀನಾಮೆ ಕೊಡುವುದಾದರೆ ಮೇ 20ರೊಳಗೆ ಕೊಡಬೇಕು.